ಮೊಹರಂ: ಹಬ್ಬವೋ, ಉಪವಾಸವೋ, ದುಃಖದ ದಿನವೋ?

ಪ್ರಶ್ನೆ: ನಾನು ಮುದಗಲ್ ಕಡೆಯವಳು, ಈಗ ಬೆಂಗಳೂರಲ್ಲಿ ಕೆಲಸ. ನಮ್ಮೂರಲ್ಲಿ ಮೊಹರಂ ಅಂದರೆ ಅಲಾಯಿ ದೇವರು, ಕುಣಿತ, ಚೋಂಗೆ ಅನ್ನೋ ಸಿಹಿ. ಇಲ್ಲಿ ಸಹೋದ್ಯೋಗಿಯೊಬ್ಬರಿಗೆ ‘ಹ್ಯಾಪಿ ಮೊಹರಂ’ ಅಂತ ಮೆಸೇಜ್ ಹಾಕಿದೆ. ‘ಇದು ನಮಗೆ ದುಃಖದ ದಿನ’ ಅಂದರು. ಇನ್ನೊಬ್ಬರು ‘ನಾನು ರೋಜಾ ಇಟ್ಟಿದ್ದೇನೆ, ಅದು ಬೇರೆ ಕಾರಣಕ್ಕೆ’ ಅಂದರು. ಯಾವುದು ಸರಿ?

ಉತ್ತರ: ಇಬ್ಬರೂ ಸರಿ. ನಿಮ್ಮೂರೂ ಸರಿ.

ಮೊಹರಂ ಅನ್ನೋದು ಹಿಜರಿ, ಅಂದರೆ ಇಸ್ಲಾಮಿನ ವರ್ಷದ ಮೊದಲ ತಿಂಗಳು. ಹೆಸರಿನ ಅರ್ಥವೇ ‘ನಿಷೇಧಿಸಿದ್ದು’. ಯುದ್ಧ ಮಾಡಬಾರದು ಎಂಬ 4 ಪವಿತ್ರ ತಿಂಗಳುಗಳಲ್ಲಿ ಇದೂ ಒಂದು. ಅದರ 10ನೇ ದಿನ ಆಶುರಾ.

ರೋಜಾ ಇಟ್ಟವರದು ಹಳೆಯ ಕಥೆ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿನ ಯಹೂದಿಗಳು ಆ ದಿನ ಉಪವಾಸ ಇದ್ದರು. ದೇವರು ಮೂಸಾ (ಮೋಸೆಸ್) ಅವರನ್ನು ಈಜಿಪ್ಟಿನ ದೊರೆ ಫರೋಹನಿಂದ ಕಾಪಾಡಿದ ದಿನ ಅದು ಎಂದರು. ಪ್ರವಾದಿಯವರೂ ಉಪವಾಸ ಇಟ್ಟರು, ಇಡಲು ಹೇಳಿದರು. ಹಿಜರಿ 2ರಲ್ಲಿ ರಂಜಾನ್ ಉಪವಾಸ ಕಡ್ಡಾಯವಾದ ಮೇಲೆ ಇದು ಇಷ್ಟವಿದ್ದವರಿಗೆ ಮಾತ್ರ. ಹಿಂದಿನ ಒಂದು ವರ್ಷದ ಪಾಪಗಳಿಗೆ ಕ್ಷಮೆ ಸಿಗುತ್ತದೆ ಎಂಬ ನಂಬಿಕೆ ಇದೆ. ಸುನ್ನಿಗಳಲ್ಲಿ ಅನೇಕರು 9 ಮತ್ತು 10, ಎರಡೂ ದಿನ ಇಡುತ್ತಾರೆ.

ದುಃಖ ಅಂದವರು ಬಹುಶಃ ಶಿಯಾ. ಹಿಜರಿ 61ರ ಇದೇ 10ರಂದು, ಅಂದರೆ ಕ್ರಿ.ಶ. 680ರಲ್ಲಿ, ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನ್ ಅವರನ್ನು ಕೊಂದರು. ಆಗಿನ ಖಲೀಫ ಯಜೀದನ ಆಳ್ವಿಕೆಯನ್ನು ಒಪ್ಪಲಿಲ್ಲ ಎಂಬುದೇ ಅವರ ತಪ್ಪು. ಜೊತೆಗಿದ್ದವರು 72 ಮಂದಿ ಎಂದು ಪರಂಪರೆ ಹೇಳುತ್ತದೆ. ಪಕ್ಕದಲ್ಲೇ ಯೂಫ್ರೆಟಿಸ್ ನದಿ, ಆದರೆ ಡೇರೆಯ ಮಕ್ಕಳಿಗೆ ನೀರಿಲ್ಲ. ನೀರು ತರಲು ಹೋದ ಹುಸೇನರ ಮಲತಮ್ಮ ಅಬ್ಬಾಸರ ಕೈಗಳನ್ನೇ ಕತ್ತರಿಸಿದರು. ಯುದ್ಧವೇ ಕೂಡದ ತಿಂಗಳಲ್ಲಿ ಇದೆಲ್ಲ ನಡೆಯಿತು ನೋಡಿ.

ನಿಮ್ಮೂರಲ್ಲಿ ಅಲಾಯಿ ದೇವರೆಂದು ಕೂಡಿಸುವ, ಕೈಯ ಆಕಾರದ ಪಂಜಾ ನೆನಪಿದೆ ಅಲ್ವಾ? ಅದರ ಐದು ಬೆರಳು ಪ್ರವಾದಿ, ಅಲಿ, ಫಾತಿಮಾ, ಹಸನ್, ಹುಸೇನ್ ಎನ್ನುತ್ತಾರೆ. ಕೆಲವರು ಅದರಲ್ಲಿ ಅಬ್ಬಾಸರ ಕೈಯನ್ನೂ ಕಾಣುತ್ತಾರೆ. ಬೀದಿಯಲ್ಲಿ ಶರಬತ್ತು ಹಂಚುವುದು ಆ ಬಾಯಾರಿಕೆಯ ನೆನಪಿಗೆ. ನಮ್ಮವರು ‘ಕತ್ತಲ ರಾತ್ರಿ’ ಅನ್ನುತ್ತಾರಲ್ಲ, ಅದು ಕತ್ತಲೆಯಲ್ಲ. ‘ಕತ್ಲ್’, ಅಂದರೆ ಕೊಲೆ. ಇಸ್ಲಾಮಿನಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಹಾಗಾಗಿ 9ರ ರಾತ್ರಿಯೇ 10ರ ರಾತ್ರಿ.

ಒಂದು ಸಣ್ಣ ತಿದ್ದುಪಡಿ. ಹಳ್ಳಿಯಲ್ಲಿ ಹಸನ್-ಹುಸೇನ್ ಇಬ್ಬರೂ ಕರ್ಬಲಾದಲ್ಲಿ ಸತ್ತರು ಅಂತ ಹೇಳುವುದುಂಟು. ಅಣ್ಣ ಹಸನ್ ಅದಕ್ಕೆ ಸುಮಾರು 10 ವರ್ಷ ಮೊದಲೇ ಮದೀನಾದಲ್ಲಿ ತೀರಿಕೊಂಡಿದ್ದರು.

ಅಲಾಯಿ ಕುಣಿತ, ಹರಕೆ, ವೇಷಗಳನ್ನು ಎಷ್ಟೋ ಮೌಲ್ವಿಗಳು ಒಪ್ಪುವುದಿಲ್ಲ. ಅವರ ಕಡೆಯಿಂದ ನೋಡಿದರೆ ಅದೂ ಸಹಜ. ನನಗೆ ಮಾತ್ರ ಅದು ಅಜ್ಞಾನ ಅನ್ನಿಸುವುದಿಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಯಲ್ಲೂ ಪಂಜಾ ಕೂಡಿಸುತ್ತಾರೆ. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾ ಕನ್ನಡದಲ್ಲೇ ಅಳುತ್ತದೆ.

ಮೆಸೇಜ್ ಬಗ್ಗೆ ಜಾಸ್ತಿ ಚಿಂತೆ ಬೇಡ. ‘ಗೊತ್ತಿರಲಿಲ್ಲ’ ಅಂದರೆ ಸಾಕು. ಶಿಯಾ ಗೆಳತಿಯರಿಗೆ ಆ ದಿನ ಶುಭಾಶಯ ಹೇಳಬೇಡಿ. ಚೆಹಲಮ್‌ವರೆಗೂ, ಅಂದರೆ ಇನ್ನೂ 40 ದಿನ, ಅವರ ಶೋಕ ಮುಗಿಯುವುದಿಲ್ಲ. ಮಜ್ಲಿಸ್‌ಗೆ, ಅಂದರೆ ಶೋಕಸಭೆಗೆ ಕರೆದರೆ ಸಾದಾ ಬಟ್ಟೆ ಹಾಕಿಕೊಂಡು ಹೋಗಿ, ಸುಮ್ನೆ ಕೂತು ಕೇಳಿ. ರೋಜಾ ಇಟ್ಟವರನ್ನು ಮಾತ್ರ ಮಧ್ಯಾಹ್ನ ಕ್ಯಾಂಟೀನಿಗೆ ಕರೆಯಬೇಡಿ.