ಪೋಲೆಂಡ್ ಮುಂದೆ ಬಂತು, ಕಾರವಾರ ಏಕೆ ಬರಲಿಲ್ಲ?

ಪ್ರಶ್ನೆ: ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಪೋಲೆಂಡ್‌ನಂಥ ಬಡ ದೇಶಗಳು ಸಿರಿವಂತ ನೆರೆಯವರ ಹತ್ತಿರಕ್ಕೆ ಬಂದವೆಂದು ಓದಿದೆ. ನಮಗೂ ಗೋವಾಕ್ಕೂ ನಡುವೆ ಸುಂಕದ ಗಡಿಯೇ ಇಲ್ಲ. ಕಾರವಾರಕ್ಕೆ ಆ ಭಾಗ್ಯ ಏಕಿಲ್ಲ?
– ಬಿ.ಕಾಂ. ವಿದ್ಯಾರ್ಥಿನಿ, ಕಾರವಾರ

ಉತ್ತರ: ಗಡಿ ತೆರೆದರೆ ಸಾಕು, ಸಂಪತ್ತು ತಾನಾಗಿ ಹರಿದು ಬರುತ್ತದೆ ಎಂಬ ನಂಬಿಕೆಯನ್ನು ಮೊದಲು ಬದಿಗಿಡಿ. 2004ರ ಮೇ 1ರಂದು ಒಕ್ಕೂಟ ಸೇರಿದಾಗ ಪೋಲೆಂಡ್‌ನ ತಲಾ ಉತ್ಪನ್ನ (ದೇಶದ ಒಟ್ಟು ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದ ಲೆಕ್ಕ), ಬೆಲೆಗಳ ವ್ಯತ್ಯಾಸ ಸರಿದೂಗಿಸಿ ನೋಡಿದರೆ, ಒಕ್ಕೂಟದ ಸರಾಸರಿಯ ಅರ್ಧದ ಆಸುಪಾಸಿನಲ್ಲಿತ್ತು. ಈಗ ಮುಕ್ಕಾಲು ದಾಟಿದೆ. ಆದರೆ ಸುಧಾರಣೆಯ ಕೆಲಸ ಶುರುವಾದದ್ದು 1990ರಲ್ಲಿ. ಬ್ಯಾಂಕು, ನ್ಯಾಯಾಲಯ, ವ್ಯಾಪಾರದ ಕಾನೂನು ಎಲ್ಲವನ್ನೂ ಸದಸ್ಯತ್ವದ ಆಸೆಗಾಗಿ ತಿದ್ದಿಕೊಳ್ಳಬೇಕಾಯಿತು. ಪಕ್ಕದ ಝೆಕ್ ನಾಡಿನ ಸ್ಕೋಡಾ ಕಂಪನಿಗೆ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾಲಿಟ್ಟದ್ದು 1991ರಲ್ಲೇ. ನುರಿತ ಕೆಲಸಗಾರರು, ಕಡಿಮೆ ಕೂಲಿ, ಲಾರಿಯಲ್ಲಿ ತಲುಪುವಷ್ಟು ದೂರದಲ್ಲಿ ಮಾರುಕಟ್ಟೆ: ಬಂಡವಾಳಕ್ಕೆ ಇನ್ನೇನು ಬೇಕು?

ಪೂರ್ವ ಜರ್ಮನಿಯ ಕಥೆ ಬೇರೆ. ಅದಕ್ಕಿಂತ ಪೂರ್ಣವಾದ ವಿಲೀನ ಯಾರಿಗೂ ಸಿಗಲಿಲ್ಲ. 1990ರ ಜುಲೈ 1ರಿಂದ ಪಶ್ಚಿಮ ಜರ್ಮನಿಯ ಮಾರ್ಕೇ ಅಲ್ಲಿಯ ನಾಣ್ಯವಾಯಿತು, ಸಂಬಳವನ್ನು ಒಂದಕ್ಕೊಂದರಂತೆ ಬದಲಿಸಲಾಯಿತು. ಉತ್ಪಾದಕತೆ ಮಾತ್ರ ಎಷ್ಟೋ ಹಿಂದಿತ್ತು. ಸರಕು ದುಬಾರಿಯಾಯಿತು, ಕೊಳ್ಳುವವರಿಲ್ಲದೆ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದವು, ಯುವಕರು ಪಶ್ಚಿಮಕ್ಕೆ ನಡೆದರು. ಪೋಲೆಂಡ್ ಮಾತ್ರ ಇಂದಿಗೂ ತನ್ನದೇ ನಾಣ್ಯವಾದ ಝ್ಲೋಟಿಯನ್ನು ಬಿಟ್ಟುಕೊಟ್ಟಿಲ್ಲ.

ಇನ್ನೊಂದು ಎಚ್ಚರ: ತಲಾ ಲೆಕ್ಕ ಕೆಲವೊಮ್ಮೆ ಕಣ್ಣು ಕಟ್ಟುತ್ತದೆ. ಪೋಲೆಂಡ್ ಜೊತೆಗೇ ಒಕ್ಕೂಟ ಸೇರಿದ ಲಾಟ್ವಿಯಾದ ಜನಸಂಖ್ಯೆ 1990ರ ಸುಮಾರು 27 ಲಕ್ಷದಿಂದ 19 ಲಕ್ಷಕ್ಕೂ ಕೆಳಗಿಳಿದಿದೆ. ಭಾಗಿಸುವ ಸಂಖ್ಯೆಯೇ ಕುಗ್ಗಿದರೆ ಭಾಗಲಬ್ಧ ಚೆನ್ನಾಗಿಯೇ ಕಾಣುತ್ತದೆ!

ಈಗ ಕಾರವಾರ. ನೀವು ಪೋಲೆಂಡ್‌ಗಿಂತ ಪೂರ್ವ ಜರ್ಮನಿಗೆ ಹತ್ತಿರ: ಅದೇ ರೂಪಾಯಿ, ಅದೇ ಕೇಂದ್ರ ತೆರಿಗೆ, ನಿಯಮ ರೂಪಿಸುವವರು ಬೆಂಗಳೂರು ಮತ್ತು ದೆಹಲಿಯಲ್ಲಿ. ಬೆಳಗಾದರೆ ಗೋವಾ ಗಡಿಯ ಮಾಜಾಳಿ ದಾಟಿ ಕೆಲಸಕ್ಕೆ ಹೋಗುವ ಬೈಕುಗಳನ್ನು ನೋಡಿರುತ್ತೀರಿ. ದುಡಿಮೆ ಆಚೆ ಹೋಗುತ್ತದೆ, ಬಂಡವಾಳ ಈಚೆ ಬರುವುದಿಲ್ಲ. ಬರಲು ಜಾಗವಾದರೂ ಎಲ್ಲಿದೆ? ಜಿಲ್ಲೆಯ ಬಹುಪಾಲು ಅರಣ್ಯ, ಕರಾವಳಿಯ ದೊಡ್ಡ ತುಂಡು ಸೀಬರ್ಡ್ ನೌಕಾನೆಲೆಯದು. ಪೋಲೆಂಡ್‌ಗೆ ರಸ್ತೆ, ರೈಲಿಗೆಂದು ಒಕ್ಕೂಟದ ನಿಧಿ ಹರಿಯಿತು. ಇಲ್ಲಿ ಸುಸಜ್ಜಿತ ಆಸ್ಪತ್ರೆಯ ಬೇಡಿಕೆಯೇ ವರ್ಷಗಳಿಂದ ಬಾಕಿಯಿದೆ. ರೋಗಿಯ ಜೊತೆ ಅವನ ದುಡ್ಡೂ ಗೋವಾ, ಮಣಿಪಾಲಗಳಿಗೆ ಹೋಗುತ್ತದೆ.

ನಿಮ್ಮ ಪ್ರಾಜೆಕ್ಟಿಗೆ ವಿಷಯ ಬೇಕಿದ್ದರೆ, ಮಾಜಾಳಿ ದಾಟುವವರನ್ನು ಕೇಳಿ: ಗೋವಾದ ಸಂಬಳದಲ್ಲಿ ಕಾರವಾರದ ಅಂಗಡಿಗಳಿಗೆ ಬರುವುದೆಷ್ಟು, ಅಲ್ಲೇ ಕರಗುವುದೆಷ್ಟು?