ರೈಜನ್ 7700ಎಕ್ಸ್ ಓವರ್‌ಕ್ಲಾಕ್ ಮಾಡಲು ಬಿ650 ಸಾಕೇ, ಎಕ್ಸ್670ಇ ಬೇಕೇ?

ರಾಜಾಜಿನಗರದ ಗೆಳೆಯರಿಗೆ ನಮಸ್ಕಾರ. ಎಎಂಡಿಯ ರೈಜನ್ 7 7700ಎಕ್ಸ್ ಪ್ರೊಸೆಸರ್ ಈಗಾಗಲೇ ಕೈಯಲ್ಲಿದೆ, ಅದನ್ನು ಓವರ್‌ಕ್ಲಾಕ್ ಮಾಡಿ (ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಿ) ವಿಡಿಯೊ ಸಂಕಲನಕ್ಕೆ ಬಳಸಬೇಕು, ಸಾಧಾರಣ ಬೆಲೆಯ ಬಿ650 ಮದರ್‌ಬೋರ್ಡ್ ಸಾಕೇ ಅಥವಾ ಅದರ ಎರಡರಷ್ಟು ಬೆಲೆಯ ಎಕ್ಸ್670ಇ ಬೇಕೇ, 16 ಜಿಬಿಯ ನಾಲ್ಕು ರ‍್ಯಾಮ್ ಹಾಕಬಹುದೇ ಎಂದು ನೀವು ಕೇಳಿದ್ದೀರಿ. ವಿದ್ಯುತ್ ವಿಭಾಗ ಗಟ್ಟಿಯಾಗಿರುವ ಬಿ650 ನಿಮಗೆ ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ. ಉಳಿಯುವ ಹಣವನ್ನು ರ‍್ಯಾಮ್‌ಗೂ ಕೂಲರ್‌ಗೂ ಹಾಕಿ.

ಮೊದಲು ಚಿಪ್‌ಸೆಟ್ ವಿಷಯ, ಅಂದರೆ ಪ್ರೊಸೆಸರ್‌ಗೂ ಉಳಿದ ಸಾಧನಗಳಿಗೂ ನಂಟು ಕೊಡುವ, ಬೋರ್ಡ್‌ನ ಮೇಲಿನ ಚಿಪ್; ಬಿ650, ಎಕ್ಸ್670 ಎಂಬವು ಅದರ ಹೆಸರುಗಳೇ. ಎಕ್ಸ್670ರಲ್ಲಿರುವುದು ಬಿ650ರಲ್ಲಿರುವ ಚಿಪ್ಪೇ, ಒಂದರ ಬದಲು ಎರಡು. ಅದರಿಂದ ಯುಎಸ್‌ಬಿ, ಸಾಟಾ, ಎಸ್‌ಎಸ್‌ಡಿ ಜಾಗಗಳು ಹೆಚ್ಚುತ್ತವೆಯೇ ಹೊರತು ಪ್ರೊಸೆಸರ್‌ನ ವೇಗ ಹೆಚ್ಚುವುದಿಲ್ಲ. ಕೊನೆಯ ‘ಇ’ ಅಕ್ಷರ ಗ್ರಾಫಿಕ್ಸ್ ಸ್ಲಾಟ್‌ಗೆ ಪಿಸಿಐಇ 5.0 (ಹೆಚ್ಚು ವೇಗದ ದತ್ತಾಂಶ ಸಂಪರ್ಕ) ಇದೆ ಎಂಬುದರ ಗುರುತು. ಪ್ರೊಸೆಸರ್ ಓವರ್‌ಕ್ಲಾಕಿಂಗ್‌ಗೆ ಎರಡರಲ್ಲೂ ಅವಕಾಶವಿದೆ. ಅವಕಾಶವಿಲ್ಲದಿರುವುದು ಎ620ರಲ್ಲಿ, ಅದನ್ನು ಮಾತ್ರ ಕೊಳ್ಳಬೇಡಿ.

ನಿಜವಾಗಿ ಹೋಲಿಸಿ ನೋಡಬೇಕಾದದ್ದು ವಿಆರ್‌ಎಂ, ಅಂದರೆ ಪವರ್ ಸಪ್ಲೈನಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸಿಕೊಡುವ ಭಾಗ. ನಿಮ್ಮ ಪ್ರೊಸೆಸರ್‌ನ ಟಿಡಿಪಿ (ಕಂಪನಿ ಹೇಳುವ ಶಾಖದ ಅಳತೆ) 105 ವ್ಯಾಟ್ ಎಂದಿದ್ದರೂ ಅದು ಸಾಕೆಟ್‌ನಿಂದ 142 ವ್ಯಾಟ್‌ವರೆಗೆ ಎಳೆಯಬಲ್ಲದು. ವಿಆರ್‌ಎಂ ದಕ್ಷತೆಯನ್ನು ಶೇ. 90 ಎಂದು ಹಿಡಿದರೂ ಸುಮಾರು 16 ವ್ಯಾಟ್ ಅಲ್ಲಿಯೇ ಶಾಖವಾಗುತ್ತದೆ. ಪೆಟ್ಟಿಗೆಯ ಮೇಲೆ ‘14 ಫೇಸ್’ ಎಂದು ದೊಡ್ಡದಾಗಿ ಮುದ್ರಿಸಿದ್ದನ್ನು ನೋಡಿ ತೀರ್ಮಾನಿಸಬೇಡಿ. ಫೇಸ್ ಎಂದರೆ ಈ ಕೆಲಸವನ್ನು ಹಂಚಿಕೊಳ್ಳುವ ಒಂದೊಂದು ಘಟಕ. ಅವುಗಳಲ್ಲಿ ಎಷ್ಟು ಫೇಸ್ ಪ್ರೊಸೆಸರ್‌ನ ಕೋರ್‌ಗಳಿಗೆ ಮೀಸಲು, ಕರೆಂಟ್ ಹಾಯಿಸುವ ಪ್ರತಿಯೊಂದು ಪವರ್ ಸ್ಟೇಜ್ ಚಿಪ್ ಎಷ್ಟು ಆಂಪಿಯರ್‌ನದು, ಅದರ ಮೇಲಿನ ಹೀಟ್‌ಸಿಂಕ್ ರೆಕ್ಕೆಗಳಿರುವ ಅಲ್ಯೂಮಿನಿಯಂ ಗಟ್ಟಿಯೋ ಅಲಂಕಾರದ ತಗಡೋ ಎಂಬುದನ್ನು ನೋಡಿ. 60 ಆಂಪಿಯರ್‌ನ ಎಂಟೋ ಹತ್ತೋ ಸ್ಟೇಜ್‌ಗಳು ಮತ್ತು ತೂಕವಿರುವ ಹೀಟ್‌ಸಿಂಕ್ ಇದ್ದರೆ 7700ಎಕ್ಸ್‌ಗೆ ಇನ್ನೇನೂ ಬೇಡ.

ಇದನ್ನು ನಾನು ಅನುಭವಿಸಿ ಕಲಿತೆ. ಹನುಮಂತನಗರದ ನಮ್ಮ ಮನೆಯಲ್ಲಿ ತಾರಸಿಯ ಕೆಳಗಿನ ಕೋಣೆಯಲ್ಲಿ ಹಳೆಯ ಯಂತ್ರವಿತ್ತು. ಅದರ ಬೋರ್ಡ್‌ನ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇರಲಿಲ್ಲ. ಚಳಿಗಾಲದಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿದ ಅದೇ ಓವರ್‌ಕ್ಲಾಕ್, ಏಪ್ರಿಲ್‌ನ ಒಂದು ಮಧ್ಯಾಹ್ನ ಅರ್ಧ ಗಂಟೆ ರೆಂಡರ್ ನಡೆಯುವಷ್ಟರಲ್ಲಿ ಮೂಲ ವೇಗಕ್ಕಿಂತಲೂ ಕೆಳಗೆ ಇಳಿಯಿತು. ಪ್ರೊಸೆಸರ್‌ನ ಉಷ್ಣತೆ ಮಿತಿಯೊಳಗೇ ಇತ್ತು, ವಿಆರ್‌ಎಂ ಮಾತ್ರ 110 ಡಿಗ್ರಿ ದಾಟಿತ್ತು. ಬೆಂಗಳೂರು ತಂಪು ಊರು ಎಂಬ ಭರವಸೆಯಲ್ಲಿ ಕೂರುವಂತಿಲ್ಲ; 900 ಮೀಟರಿಗೂ ಮೀರಿದ ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆಯಿರುವುದರಿಂದ ಫ್ಯಾನ್ ಹೊತ್ತೊಯ್ಯುವ ಶಾಖವೂ ಅಷ್ಟು ಕಡಿಮೆ. ಲಿಕ್ವಿಡ್ ಕೂಲರ್ ಹಾಕುವುದಾದರೆ ಇನ್ನೊಂದು ಎಚ್ಚರಿಕೆ: ಟವರ್ ಕೂಲರ್‌ನ ಫ್ಯಾನ್‌ನಿಂದ ವಿಆರ್‌ಎಂ ಕಡೆಗೆ ಹೇಗೂ ಹೋಗುತ್ತಿದ್ದ ಗಾಳಿ ಆಗ ನಿಲ್ಲುತ್ತದೆ. ಕ್ಯಾಬಿನೆಟ್‌ನ ಹಿಂಬದಿಯ ಫ್ಯಾನ್ ಜಾಗವನ್ನು ಖಾಲಿ ಬಿಡಬೇಡಿ.

ಬೋರ್ಡ್‌ನ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಲೋಡ್ ಲೈನ್ ಕ್ಯಾಲಿಬ್ರೇಶನ್ ಎಂಬ ಆಯ್ಕೆ ಸಿಗುತ್ತದೆ. ಸ್ನಾನದ ಮನೆಯ ನಲ್ಲಿ ತಿರುಗಿಸಿದ ಕೂಡಲೇ ಅಡುಗೆ ಮನೆಯ ನೀರಿನ ಧಾರೆ ಸಣ್ಣದಾಗುವಂತೆ, ಪ್ರೊಸೆಸರ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಈ ಆಯ್ಕೆ ಆ ಕುಸಿತವನ್ನು ತಗ್ಗಿಸುತ್ತದೆ. ಆದರೆ ಅದನ್ನು ಅತಿ ಗಟ್ಟಿಯಾದ ಹಂತಕ್ಕೆ ಇಟ್ಟರೆ ಲೋಡ್ ಇಳಿಯುವ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಜಿಗಿಯುತ್ತದೆ. ಮಧ್ಯದ ಹಂತ ಸಾಕು. ಇನ್ನೂ ಹೇಳಬೇಕೆಂದರೆ, ಎಲ್ಲ ಕೋರ್‌ಗಳಿಗೂ ಒಂದೇ ಸ್ಥಿರ ವೇಗ ಹಾಕುವ ಹಳೆಯ ಪದ್ಧತಿಯನ್ನೇ ಬಿಡಿ, ಏಕೆಂದರೆ ಒಂದೆರಡು ಕೋರ್‌ಗಳ ಕೆಲಸದಲ್ಲಿ ಸಿಗುವ 5.4 ಗಿಗಾಹರ್ಟ್ಸ್ ಬೂಸ್ಟ್ ಅದರಿಂದ ಕೈತಪ್ಪುತ್ತದೆ. ಪಿಬಿಒ (ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುವ ಮಿತಿಯನ್ನು ಸಡಿಲಿಸುವ ಆಯ್ಕೆ) ತೆರೆದು, ಅದರೊಳಗೆ ವೋಲ್ಟೇಜನ್ನು ತಗ್ಗಿಸುವ ಕರ್ವ್ ಆಪ್ಟಿಮೈಸರ್ ಅನ್ನು ಮೈನಸ್ 10ರಿಂದ ಆರಂಭಿಸಿ ಐದೈದಾಗಿ ಇಳಿಸುತ್ತ ಹೋಗಿ.

ರ‍್ಯಾಮ್ ವಿಷಯದಲ್ಲಿ ನಿಮ್ಮ ಯೋಜನೆಯನ್ನು ಬದಲಿಸಲೇಬೇಕೆಂದು ಕೇಳಿಕೊಳ್ಳುತ್ತೇನೆ. 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳಿರುವ ವೇಗ ಎರಡು ಮಾಡ್ಯೂಲ್‌ಗಳಿದ್ದರೆ ಡಿಡಿಆರ್5-5200, ನಾಲ್ಕಿದ್ದರೆ 3600 ಮಾತ್ರ. ದುಬಾರಿ ಬೋರ್ಡ್ ಕೊಂಡರೂ ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್ ಬದಲಾಗುವುದಿಲ್ಲ. ಆದ್ದರಿಂದ 32 ಜಿಬಿಯ ಎರಡು ಮಾಡ್ಯೂಲ್‌ಗಳ, 6000 ವೇಗದ, ಎಕ್ಸ್‌ಪೊ (ಆ ವೇಗವನ್ನು ಬಯಾಸ್‌ನಲ್ಲಿ ಒಂದೇ ಆಯ್ಕೆಯಿಂದ ಹಾಕುವ ಸೌಲಭ್ಯ) ಇರುವ ಒಂದೇ ಕಿಟ್ ತೆಗೆದುಕೊಂಡು ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಹಾಕಿ. ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೇನಿಂಗ್‌ಗಾಗಿ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರಬಹುದು. ಗಾಬರಿಯಿಂದ ಸ್ವಿಚ್ ಆರಿಸಬೇಡಿ. ಎಕ್ಸ್‌ಪೊ ಹಾಕಿದ ಬಳಿಕ ಎಸ್‌ಒಸಿ ವೋಲ್ಟೇಜ್, ಅಂದರೆ ಮೆಮೊರಿ ಕಂಟ್ರೋಲರ್ ಇರುವ ಭಾಗದ ವೋಲ್ಟೇಜ್ ನೋಡಿ. 2023ರಲ್ಲಿ ಈ ಸರಣಿಯ ಕೆಲವು ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟ ವರದಿಗಳು ಬಂದಾಗ ಎಎಂಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿತು. ಬೋರ್ಡ್‌ನಲ್ಲಿ ಅದಕ್ಕೂ ಹಿಂದಿನ ಬಯಾಸ್ ಇದ್ದರೆ, ಎಕ್ಸ್‌ಪೊ ಮುಟ್ಟುವ ಮೊದಲು ಹೊಸದನ್ನು ಹಾಕಿಕೊಳ್ಳಿ.

ಸ್ಥಿರತೆಯ ಪರೀಕ್ಷೆಯಲ್ಲಿ ಅವಸರ ಬೇಡ. ಸಿನೆಬೆಂಚ್ ಎಂಬ ಪರೀಕ್ಷಾ ತಂತ್ರಾಂಶ ಹತ್ತು ನಿಮಿಷ ಓಡಿತು ಎಂಬುದು ಸ್ಥಿರತೆಗೆ ಸಾಕ್ಷಿಯಲ್ಲ. ಮೊದಲು ಪ್ರೊಸೆಸರ್ ಮೂಲ ಸ್ಥಿತಿಯಲ್ಲಿರುವಾಗ ರ‍್ಯಾಮ್ ಒಂದನ್ನೇ ಟೆಸ್ಟ್‌ಮೆಮ್5 ತಂತ್ರಾಂಶದಿಂದ ಪರೀಕ್ಷಿಸಿ, ಅದು ಒಂದೂ ದೋಷವಿಲ್ಲದೆ ಮುಗಿದ ಮೇಲಷ್ಟೇ ಕರ್ವ್ ಆಪ್ಟಿಮೈಸರ್‌ಗೆ ಕೈಹಾಕಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಕರ್ವ್ ತಪ್ಪಾಗಿದ್ದಾಗ ಯಂತ್ರ ಪೂರ್ಣ ಭಾರದಲ್ಲಿ ಗಂಟೆಗಟ್ಟಲೆ ಓಡಿ, ಬ್ರೌಸರ್ ತೆರೆದು ಸುಮ್ಮನಿರುವಾಗ ರೀಸ್ಟಾರ್ಟ್ ಆಗುವುದುಂಟು, ಏಕೆಂದರೆ ಒಂದೊಂದೇ ಕೋರ್ ಅತಿ ಹೆಚ್ಚಿನ ವೇಗಕ್ಕೆ ಏರುವುದು ಹಗುರವಾದ ಕೆಲಸದಲ್ಲಿಯೇ. ಅದಕ್ಕಾಗಿ ಕೋರ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೋರ್‌ಸೈಕ್ಲರ್ ತಂತ್ರಾಂಶವನ್ನು ಒಂದು ರಾತ್ರಿ ಪೂರ್ತಿ ಓಡಿಸಿ, ಬೆಳಗ್ಗೆ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ವೀಯಾ’ (WHEA, ಅಂದರೆ ಯಂತ್ರಾಂಶದ) ದೋಷಗಳು ದಾಖಲಾಗಿವೆಯೇ ನೋಡಿ. ಸಂಕಲನದ ಕೆಲಸದಲ್ಲಿ ರ‍್ಯಾಮ್ ದೋಷ ಸದ್ದಿಲ್ಲದೆ ಕಡತವನ್ನೇ ಕೆಡಿಸುತ್ತದೆ. ಒಂದು ಮದುವೆಯ ವಿಡಿಯೊವನ್ನು ನಾನು ಹಾಗೆ ಮೊದಲಿನಿಂದ ಮತ್ತೆ ಕಟ್ಟಬೇಕಾಯಿತು.

ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆಸಿ, ಸಾಕೆಟ್‌ನ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಪಿನ್‌ಗಳನ್ನು ನೋಡಿ. ನಿಮ್ಮ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ನಲ್ಲಿ 1718 ಪಿನ್‌ಗಳೂ ಬೋರ್ಡ್‌ನಲ್ಲಿಯೇ ಇವೆ, ಒಂದು ಬಾಗಿದ್ದರೂ ಆಮೇಲೆ ವಾರಂಟಿ ಕೇಳುವುದು ಕಷ್ಟ. ಪ್ರೊಸೆಸರ್ ಇಲ್ಲದೆಯೂ ಬಯಾಸ್ ಹಾಕಲು ಬರುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಮಾದರಿಯನ್ನೇ ಆರಿಸಿ, ಮತ್ತು ಆ ಕೆಲಸವನ್ನು ಯುಪಿಎಸ್ ಮೇಲೆಯೇ ಮಾಡಿ. ಮಳೆಗಾಲದ ಸಂಜೆ ಮಾಡಬೇಡಿ.