ಹಳೆಯ ಇಂಗ್ಲಿಷ್ ನಿಲುವು ಗಡಿಯಾರದ ಪೆಟ್ಟಿಗೆ ನೋಡಿ ಅದರ ಕಾಲ ಹೇಳಬಹುದಾ?

ಸುಮಾರಾಗಿ ಹೇಳಬಹುದು. ಮೊದಲು ಮರ ನೋಡಿ.

1670ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಆಂಕರ್ ಎಸ್ಕೇಪ್‌ಮೆಂಟ್, ಅಂದರೆ ಲೋಲಕ ತೂಗಿದ ಹಾಗೆ ಹಲ್ಲುಚಕ್ರವನ್ನು ಹೆಜ್ಜೆಹೆಜ್ಜೆಯಾಗಿ ಬಿಡುವ ಲಂಗರಿನಂಥ ಕೊಂಡಿ, ಬಳಕೆಗೆ ಬಂತು. ಅದರಲ್ಲಿ ಲೋಲಕ ಕೊಂಚ ತೂಗಿದರೂ ಸಾಕು. ಹಾಗಾಗಿ ಸುಮಾರು 99 ಸೆಂ.ಮೀ. ಉದ್ದದ, ಒಂದು ಸೆಕೆಂಡಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಲೋಲಕ ಕಿರಿದಾದ ಪೆಟ್ಟಿಗೆಯೊಳಗೆ ಹಿಡಿಯಿತು. ಸೊಂಟ ಸಣ್ಣಗಿರೋದು ಸುಮ್ನೆ ಅಂದಕ್ಕಲ್ಲ!

ಮೊದಮೊದಲ ಪೆಟ್ಟಿಗೆಗಳು ಕಪ್ಪಗೆ, ಎಬೊನಿ ಎಂಬ ಕರಿಮರದ ತೆಳು ಹಾಳೆ ಅಂಟಿಸಿದವು. ನೆತ್ತಿಯ ಮೇಲೆ ಗ್ರೀಕ್ ಗುಡಿಯಂಥ ತ್ರಿಕೋನ. ಆಮೇಲೆ ವಾಲ್‌ನಟ್ ಬಂತು, ಜೊತೆಗೆ ಬಣ್ಣಬಣ್ಣದ ಮರದ ಚೂರು ಜೋಡಿಸಿದ ಹೂಬಳ್ಳಿ. ಬಾಗಿಲಲ್ಲಿ ಒಂದು ಗುಂಡು ಗಾಜು; ಅದರ ಹಿಂದೆ ಲೋಲಕದ ಹಿತ್ತಾಳೆ ಬಿಲ್ಲೆ ಮಿನುಗಿ ಮಾಯವಾಗುತ್ತದೆ. ನನಗೆ ಇವೇ ಜಾಸ್ತಿ ಇಷ್ಟ. 1750ರ ನಂತರ ಮಹಾಗನಿಯ ಕಾಲ.

ಓಕ್ ಮಾತ್ರ ಮೋಸ ಮಾಡುತ್ತದೆ. ಹಳ್ಳಿ ಕಡೆಯ ಬಡಗಿಗಳು ಅದನ್ನು ಬಿಡಲೇ ಇಲ್ಲ.

ಇನ್ನೊಂದು ವಿಷಯ: ಒಂದರ ಯಂತ್ರವನ್ನು ಇನ್ನೊಂದರ ಪೆಟ್ಟಿಗೆಗೆ ಕೂರಿಸಿದವೂ ಬೇಕಾದಷ್ಟಿವೆ. ಡಯಲ್ ಅಂಚಿಗೂ ಮರದ ಚೌಕಟ್ಟಿಗೂ ನಡುವೆ ಸಂದು ಕಂಡರೆ, ಯಂತ್ರ ಕೂತ ಹಲಗೆಗೆ ಹೊಸ ಮರದ ತುಂಡು ಸೇರಿಸಿದ್ದರೆ, ಸ್ವಲ್ಪ ಅನುಮಾನ ಪಡಿ.